ಜುಲೈ ಹನ್ನೊಂದರಂದು ಕೆಟ್ಟ ಹಾಲು

ನಮ್ಮ ಅತ್ತಿಕೊಪ್ಪಲಿನಲ್ಲಿ ಮನುಷ್ಯನ ಯೋಗ್ಯತೆಯನ್ನು ಅಳೆಯುವುದು ಅವನ ಮನೆಯ ಹಾಲಿನ ಫ್ಯಾಟಿನಿಂದ. ಓದು, ಜಮೀನು, ಕಾರು ಎಲ್ಲ ಆಮೇಲೆ. ಹೆಣ್ಣು ನೋಡಲು ಬಂದವರು ಕಾಫಿ ಕುಡಿದು ಲೋಟ ಕೆಳಗಿಡುವಾಗ, ಡೈರಿಯಲ್ಲಿ ನಿಮ್ಮದು ಎಷ್ಟು ಬರುತ್ತದೆ ಎಂದು ಕೇಳಿಯೇ ಕೇಳುತ್ತಾರೆ. ನಾಲ್ಕು ದಾಟಿದ್ದರೆ ಮಾತು ಮುಂದುವರಿಯುತ್ತದೆ. ಮೂರೂವರೆಗಿಂತ ಕೆಳಗಿದ್ದರೆ ಜಾತಕ ಕೂಡುವುದಿಲ್ಲ. ಹಾಲಿನಲ್ಲಿ ಕೊಬ್ಬು ಹೆಚ್ಚು ಕಡಿಮೆ ಆಗಬಹುದು, ಊರಿನ ಜನಕ್ಕೆ ಮಾತ್ರ ಅದರ ಕೊರತೆ ಎಂದೂ ಆಗಿಲ್ಲ.

ಈ ಊರಿನ ಹಾಲು ಸಂಘದಲ್ಲಿ ಪರೀಕ್ಷೆಯ ಕೆಲಸ ನನ್ನದು. ಟೆಸ್ಟರ್ ಪಾಲಾಕ್ಷ ಅಂದರೆ ಶಾಂತಿಗ್ರಾಮದವರೆಗೆ ಗೊತ್ತು. ಒಂಬತ್ತನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟ್ರು ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದರು. ನಾನು ಹಾಗೇ ಮನೆಗೆ ಬಂದೆ. ಒಳಗೆ ಬಾ ಎಂದು ಕರೆಯುವುದನ್ನು ಮೇಷ್ಟ್ರು ಮರೆತರೋ ಏನೋ, ಹತ್ತು ವರ್ಷವಾಯಿತು. ಆಮೇಲೆ ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿ, ಹೊಳೆನರಸೀಪುರದಲ್ಲಿ ಟೈರ್ ಅಂಗಡಿ, ಅರಕಲಗೂಡಿನ ಒಂದು ಛತ್ರದಲ್ಲಿ ಕುರ್ಚಿ ಜೋಡಿಸುವ ಕೆಲಸ. ಮೂರೂ ಕಡೆ ಜಗಳ ಮಾಡಿಕೊಂಡು ಬಂದೆ. ನಾಲ್ಕನೆಯದು ಇದು. ಇದೂ ಆಗ ಖಾಯಂ ಆಗಿರಲಿಲ್ಲ. ಎರಡು ವರ್ಷ ಕಳೆದ ಮೇಲೆ ವಾರ್ಷಿಕ ಸಭೆಯಲ್ಲಿ ಸದಸ್ಯರು ಕೈ ಎತ್ತಿದರೆ ಖಾಯಂ, ಎತ್ತದಿದ್ದರೆ ಮತ್ತೆ ಕುರ್ಚಿ. ಆ ಸಭೆ ಇದ್ದದ್ದು ಹೋದ ಸೆಪ್ಟೆಂಬರಿನಲ್ಲಿ. ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು, ಮಿಕ್ಕದ್ದೆಲ್ಲ ನಮ್ಮೂರಿನವರ ತಲೆಹರಟೆ.

ಸಂಘದ ಅಧ್ಯಕ್ಷರು ಕಾಂತರಾಜುಗೌಡರು. ಅವರ ಕೊಟ್ಟಿಗೆಯಲ್ಲಿ ಏಳು ಕಪ್ಪುಬಿಳಿ ಎಚ್ಚೆಫ್ ಹಸುಗಳು, ನಲ್ಲಿ ತಿರುಗಿಸಿದ ಹಾಗೆ ಹಾಲು ಸುರಿಸುತ್ತವೆ. ಪ್ರತಿ ವರ್ಷ ಸಭೆಯಲ್ಲಿ ‘ಅತ್ಯುತ್ತಮ ಗುಣಮಟ್ಟದ ಹಾಲು’ ಎಂದು ಒಂದು ಶಾಲು, ಒಂದು ಸ್ಟೀಲ್ ಬಕೆಟ್ಟು ಕೊಡುವ ಪದ್ಧತಿ. ಹನ್ನೊಂದು ವರ್ಷದಿಂದ ಅದು ಅಧ್ಯಕ್ಷರಿಗೇ. ಬಹುಮಾನ ಕೊಡುವ ಮುಂಚೆ ಫ್ಯಾಟಿನ ಚೀಟಿ ನೋಡುವ ಕೆಟ್ಟ ಅಭ್ಯಾಸ ನಮ್ಮಲ್ಲಿಲ್ಲ. ಹೋದ ವರ್ಷ ಕೊಟ್ಟವರಿಗೆ ಈ ವರ್ಷ ಕೊಡದಿದ್ದರೆ ಅವರಿಗೆ ಬೇಜಾರಾಗುತ್ತದೆ, ಅಷ್ಟೇ ಲೆಕ್ಕ. ಅವರ ಹಜಾರದಲ್ಲಿ ಹನ್ನೊಂದು ಬಕೆಟ್ಟುಗಳು ಸಾಲಾಗಿ ಕೂತಿವೆ, ಬಂದ ನೆಂಟರು ನಿಂತುಕೊಂಡು ಮಾತಾಡಿ ಹೋಗುತ್ತಾರೆ.

ಅವರ ಒಬ್ಬಳೇ ಮಗಳು ಅನುಶ್ರೀ ಹಾಸನದಲ್ಲಿ ಎಂಎಸ್ಸಿ. ಸಂಖ್ಯಾಶಾಸ್ತ್ರ. ಕೊನೆಯ ವರ್ಷ ಅದೇನೋ ಪ್ರಾಜೆಕ್ಟ್ ಬರೆಯಬೇಕಿತ್ತು, ಅದಕ್ಕೆ ಬಹಳ ವರ್ಷಗಳ ಅಂಕಿಗಳು ಬೇಕಿದ್ದವು. ಕಾಂತರಾಜುಗೌಡರಿಗೆ ಒಂದು ಯೋಚನೆ ಹೊಳೆಯಿತು. ನಮ್ಮ ಕಷ್ಟಗಳೆಲ್ಲ ಹೀಗೇ ಶುರುವಾಗುವುದು, ಅವರಿಗೆ ಯೋಚನೆ ಹೊಳೆಯುವುದರಿಂದ. ಒಂದು ದಿನ ಬೆಳಗ್ಗೆ ಹಾಲಿನ ಸಾಲಿನ ಎದುರು ನಿಂತು ಘೋಷಿಸಿದರು.

“ನಮ್ಮನೆ ಹಾಲು ಹನ್ನೊಂದು ವರ್ಷದಿಂದ ನಾಕು ಪಾಯಿಂಟ್ ಎರಡು. ಒಂದಿಷ್ಟೂ ಅಲ್ಲಾಡಿಲ್ಲ. ಅದರ ಮೇಲೇ ನಮ್ ಹುಡುಗಿ ಪುಸ್ತಕ ಬರೀತಾವ್ಳೆ ಕಣ್ರಪ್ಪ. ಹಾಸನದಾಗೆ ಬೈಂಡ್ ಮಾಡಿಸ್ತಾರೆ, ಚಿನ್ನದ ಅಕ್ಷರ ಹಾಕಿ.”

ಆರು ವರ್ಷದ ರಿಜಿಸ್ಟರುಗಳು ಗೋಣಿಚೀಲದಲ್ಲಿ ಅವರ ಮನೆಗೆ ಹೋದವು. ಮೂವತ್ತು ಮನೆಗಳ ಅಂಕಿ. ಒಂದು ತಿಂಗಳು ನಾನು ಓದಿ ಹೇಳಿದೆ, ಆ ಹುಡುಗಿ ಲ್ಯಾಪ್‌ಟಾಪಿಗೆ ಹೊಡೆದುಕೊಂಡಳು. ಇದರಲ್ಲಿ ಏನು ಹುಡುಕುತ್ತೀಯವ್ವ ಎಂದು ಕೇಳಿದರೆ ನನಗೆ ತಿಳಿಯುವ ಹಾಗೆ ಹೇಳಿದಳು. ಹಾಸನದ ಹೈವೇಯಿಂದ ಬಸ್ಸು ನಮ್ಮೂರ ರಸ್ತೆಗೆ ಇಳಿದದ್ದು ಕಣ್ಣು ಮುಚ್ಚಿಕೊಂಡಿದ್ದರೂ ಸೊಂಟಕ್ಕೆ ಗೊತ್ತಾಗುತ್ತದೆ. ಆದರೆ ಸರಿಯಾಗಿ ಯಾವ ಜಾಗದಲ್ಲಿ ಇಳಿಯಿತು? ಅದು ಗೊತ್ತಿಲ್ಲ. ಮುಂಚೆ ಎಷ್ಟು ಕುಲುಕುತ್ತಿತ್ತು, ಆಮೇಲೆ ಎಷ್ಟು, ಅದೂ ಗೊತ್ತಿಲ್ಲ. ಗೊತ್ತಿಲ್ಲದ ಈ ಮೂರನ್ನೂ ಒಟ್ಟಿಗೆ ಅಂದಾಜು ಮಾಡಬೇಕು. ಇಲ್ಲಿ ಬದಲಾಯಿತು ಎಂದುಕೊಂಡು ನೋಡುವುದು, ಅಲ್ಲಿ ಬದಲಾಯಿತು ಎಂದುಕೊಂಡು ನೋಡುವುದು. ಒಂದೊಂದು ದಿನವನ್ನೂ ಹೀಗೆ ಪರೀಕ್ಷೆ ಮಾಡಿ, ಯಾವ ದಿನಕ್ಕೆ ತಪ್ಪು ಎಲ್ಲಕ್ಕಿಂತ ಕಡಿಮೆ ಬರುತ್ತದೋ ಅದೇ ಬದಲಾದ ದಿನ. ನನಗೆ ಅರ್ಥವಾಯಿತು. ಅರ್ಥವಾದದ್ದಕ್ಕೆ ಸಿಟ್ಟೂ ಬಂತು. ಲೆಕ್ಕದ ಮೇಷ್ಟ್ರು ಒಂದು ದಿನವಾದರೂ ಬಸ್ಸಿನ ಮಾತೆತ್ತಿದ್ದರೆ ನಾನು ಇವತ್ತು ಎಲ್ಲಿರುತ್ತಿದ್ದೆ.

ಲೆಕ್ಕ ಮುಗಿದ ದಿನ ಅನುಶ್ರೀ ಅಪ್ಪನಿಗೆ ಹಜಾರದಲ್ಲಿ ಕೂತು ಹೇಳಿದಳು. ಆ ಹೊತ್ತಿಗೆ ಸರಿಯಾಗಿ ಹೆಪ್ಪಿಗೆ ಮಜ್ಜಿಗೆ ಬೇಕೆಂದು ಪಕ್ಕದ ಮನೆ ಸಣ್ಣಕ್ಕ ಬಂದು ಬಕೆಟ್ಟುಗಳ ನಡುವೆ ನಿಂತಿದ್ದಳು. ನಮ್ಮ ಮನೆಯ ಹಾಲು ನಾಲ್ಕು ಪಾಯಿಂಟ್ ಎರಡರಲ್ಲಿ ನೆಟ್ಟಗೆ ಬರುತ್ತಿತ್ತು ಅಪ್ಪ, ಒಂದು ದಿನ ಮೂರು ಪಾಯಿಂಟ್ ಮೂರಕ್ಕೆ ಬಿದ್ದಿದೆ, ಅಲ್ಲಿಂದ ಮೇಲೆ ಎದ್ದಿಲ್ಲ, ಎಂದಳು. ಯಾವತ್ತು ಎಂದು ಅಪ್ಪ ಕೇಳಿದರು. ಅವರ ಹಾಲನ್ನು ಡೈರಿಗೆ ತರುವವನು ಕೂಲಿಯಾಳು, ಚೀಟಿ ಅವನ ಜೇಬಿನಲ್ಲೇ ಬೀಡಿ ಕಟ್ಟಿನ ಜೊತೆ ಸಾಯುತ್ತದೆ. ಹಾಗಾಗಿ ಎರಡು ವರ್ಷದಿಂದ ತಮ್ಮ ಮನೆಯ ಮಾನ ಹೋಗಿದೆ ಎಂಬುದು ಅವರಿಗೆ ಗೊತ್ತಾದದ್ದು ಅವತ್ತೇ.

“ಇಪ್ಪತ್ತಮೂರನೇ ಇಸವಿ ಜುಲೈ ಒಂಬತ್ತರಿಂದ ಹದಿಮೂರರೊಳಗೆ ಅಪ್ಪ. ಬಹುಶಃ ಹನ್ನೊಂದು, ಮಂಗಳವಾರ. ನಮ್ಮನೇದು ಮಾತ್ರ ಅಲ್ಲ. ಊರಲ್ಲಿ ಎಲ್ಲರದೂ ಅವತ್ತೇ ಬದಲಾಗಿದೆ.”

ಸಣ್ಣಕ್ಕ ಮಜ್ಜಿಗೆ ಮರೆತು ಹೊರಟಳು. ಅರ್ಧ ಗಂಟೆಯಲ್ಲಿ ಊರಿಗೆಲ್ಲ ಸುದ್ದಿ. ಹನ್ನೊಂದನೇ ತಾರೀಕು ಊರಿನ ಹಾಲು ಕೆಟ್ಟಿದೆಯಂತೆ, ಕಾಂತರಾಜಣ್ಣನ ಮಗಳು ಕಂಪ್ಯೂಟರಿನಲ್ಲಿ ಹಿಡಿದಳಂತೆ, ಮಾಡಿದವರು ಯಾರು ಅಂತಲೂ ಅದರಲ್ಲಿ ಬಂದಿದೆಯಂತೆ, ಹೆಣ್ಣುಮಗಳು ಸಂಕೋಚಕ್ಕೆ ಬಾಯಿ ಬಿಡುತ್ತಿಲ್ಲವಂತೆ.

ಎರಡು ವರ್ಷ ಯಾರೂ ಗಮನಿಸಿರಲಿಲ್ಲವೇ ಎಂದು ನೀವು ಕೇಳಬಹುದು. ಗಮನಿಸಿದ್ದರು. ಫ್ಯಾಟು ಇಳಿದವರು ಹಿಂಡಿಯನ್ನು ಬೈದು ಸುಮ್ಮನಾಗಿದ್ದರು. ಏರಿದವರು ಅದನ್ನು ತಮ್ಮ ಕೈಗುಣ ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದರು. ಈಗ ತಾರೀಕು ಸಿಕ್ಕಿತು. ತಾರೀಕು ಸಿಕ್ಕಿದ ಮೇಲೆ ಕಳ್ಳನಿಲ್ಲದೆ ನಮ್ಮೂರಿಗೆ ನಿದ್ದೆ ಬರುವುದಿಲ್ಲ.

ಒಂಬತ್ತರಿಂದ ಹದಿಮೂರರವರೆಗಿನ ಐದು ದಿನವನ್ನು ಜನ ಹಲಸಿನಹಣ್ಣು ಬಿಡಿಸಿದ ಹಾಗೆ ಬಿಡಿಸಿದರು. ಒಂಬತ್ತನೇ ತಾರೀಕು ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸಿದ್ದರು. ಹನ್ನೆರಡಕ್ಕೆ ಬೂವನಹಳ್ಳಿ ಕಡೆಯಿಂದ ಒಂದು ಹೆಲಿಕಾಪ್ಟರ್ ತಗ್ಗಿನಲ್ಲಿ ಹಾರಿತ್ತು, ಹಸುಗಳೆಲ್ಲ ತಲೆ ಎತ್ತಿ ನೋಡಿದ್ದವು. ಹದಿಮೂರಕ್ಕೆ ದನದ ಡಾಕ್ಟರು ಚುಚ್ಚಿದ್ದರು. ಡಾಕ್ಟರನ್ನು ತಡೆದು ನಿಲ್ಲಿಸಿ ಕೇಳಿದರೆ ಆತ, ಕಾಲುಬಾಯಿ ಜ್ವರದ ಲಸಿಕೆ ಕಣ್ರಪ್ಪ, ಅದಕ್ಕೂ ನಿಮ್ಮ ಬಕೆಟ್ಟಿಗೂ ಏನು ಸಂಬಂಧ, ಎಂದು ಬೈಕ್ ಹತ್ತಿದರಂತೆ. ಬೈಕ್ ಹತ್ತಿದ್ದೇ ಅನುಮಾನಕ್ಕೆ ಕಾರಣವಾಯಿತು. ಆದರೆ ಸರ್ಕಾರಿ ಡಾಕ್ಟರನ್ನು ಏನು ಮಾಡಲಾಗುತ್ತದೆ. ಟ್ರಾನ್ಸ್‌ಫಾರ್ಮರನ್ನೂ ಹೆಲಿಕಾಪ್ಟರನ್ನೂ ಏನೂ ಮಾಡಲಾಗುವುದಿಲ್ಲ. ಏನಾದರೂ ಮಾಡಬಹುದಾದ ಒಂದು ಜೀವ ಬೇಕಿತ್ತು. ಅದು ಸಣ್ಣಕ್ಕನ ಮನೆಯಲ್ಲೇ ಸಿಕ್ಕಿತು.

ಸಣ್ಣಕ್ಕನ ಸೊಸೆ ಸ್ಪಂದನಾ ಹೊಳೆನರಸೀಪುರದ ಹುಡುಗಿ, ಬಿಎಡ್ ಮಾಡಿದವಳು. ಆ ವರ್ಷವೇ ಮದುವೆಯಾಗಿತ್ತು, ಮೊದಲ ಆಷಾಢ. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ತವರಿಗೆ ಕಳಿಸಿದ್ದರು. ಆಕೆಗೆ ಯಾವುದೋ ಇಂಟರ್‌ವ್ಯೂಗೆ ಮಾರ್ಕ್ಸ್ ಕಾರ್ಡು ಬೇಕಾಯಿತು. ಜುಲೈ ಹತ್ತರ ಸಂಜೆ ಬಂದಳು, ವಾಪಸ್ ಹೋಗಲು ಬಸ್ಸು ಸಿಗಲಿಲ್ಲ, ಒಂದು ರಾತ್ರಿ ಇದ್ದು ಹನ್ನೊಂದರ ಬೆಳಗ್ಗೆ ಹೋದಳು. ಹಿತ್ತಲ ಬಾಗಿಲಿನಿಂದ ಬಂದು ಹಿತ್ತಲ ಬಾಗಿಲಿನಿಂದಲೇ ಹೋಗಿದ್ದಳು. ಹಿತ್ತಲ ಬಾಗಿಲಿನದು ಹೊಸ್ತಿಲು ಹೌದೋ ಅಲ್ಲವೋ ಎಂದು ಅರಳಿಕಟ್ಟೆಯಲ್ಲಿ ಎರಡು ದಿನ ವಾದವಾಯಿತು. ಹೌದು ಎಂದು ತೀರ್ಮಾನವಾಯಿತು, ಕಟ್ಟೆಯ ಮೇಲಿದ್ದವರಲ್ಲಿ ಒಬ್ಬ ಬಡಗಿ ಇದ್ದ.

ಸುದ್ದಿ ಹೊತ್ತು ಊರು ಸುತ್ತಿದ್ದ ಸಣ್ಣಕ್ಕನ ಮನೆ ಮುಂದೆಯೇ ಈಗ ಜನ. ಸಣ್ಣಕ್ಕ ಸೊಸೆಯ ಮೇಲೆ ಹಾರಾಡಿದಳು. ಆ ಹುಡುಗಿ ಒಳಗೆ ಹೋಗಿ ಹಾಲಿನ ಚೀಟಿಗಳ ಕಟ್ಟು ತಂದು ಜಗುಲಿಯ ಮೇಲೆ ಇಟ್ಟಳು.

“ಓದ್ಕೊಳ್ಳಿ ಅತ್ತೆ. ಅವತ್ತು ನಾನು ಬರೋ ಮುಂಚೆ ನಮ್ಮನೇದು ಮೂರೂವರೆ ಇತ್ತು. ಹನ್ನೊಂದನೇ ತಾರೀಕಿಂದ ನಾಲ್ಕು. ಕೆಟ್ಟಿರೋದು ಯಾರ ಹಾಲು?”

ಸಣ್ಣಕ್ಕ ಚೀಟಿಗಳನ್ನು ಎರಡು ಸಲ ನೋಡಿದಳು. ಅವಳ ಮುಖ ಬದಲಾದ ಜಾಗವನ್ನು ಹುಡುಕಲು ಯಾವ ಲೆಕ್ಕವೂ ಬೇಕಿರಲಿಲ್ಲ. ಅಲ್ಲೇ ಜನದ ಕಡೆ ತಿರುಗಿ, ತನ್ನ ಸೊಸೆಯ ಕಾಲ್ಗುಣದ ಮೇಲೆ ಕಾಲು ಗಂಟೆ ಮಾತಾಡಿದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಗುಂಪಿನ ಹಿಂದಿನಿಂದ ಯಾರೋ, ಹಾಗಾದರೆ ನಮ್ಮ ಮನೆಗಳಿಂದ ಇಳಿದ ಫ್ಯಾಟು ಎಲ್ಲಿಗೆ ಹೋಯಿತು ಎಂಬುದು ಗೊತ್ತಾಯಿತಲ್ಲ, ಎಂದರು. ಮಾರನೆಯ ದಿನ ಅರ್ಧ ಊರಿನ ಕೊಟ್ಟಿಗೆಗಳಿಗೆ ನಿಂಬೆಹಣ್ಣು, ಮೆಣಸಿನಕಾಯಿ. ಸ್ಪಂದನಾ ಬೀದಿಯಲ್ಲಿ ಬಂದರೆ ಹಸುಗಳನ್ನು ಗೋಡೆಯ ಕಡೆ ತಿರುಗಿಸಿ ಕಟ್ಟುತ್ತಿದ್ದರು. ಹದಿನೈದು ದಿನ ಸಹಿಸಿಕೊಂಡು ಅವಳ ಗಂಡ ಸಂಜಯ್ ಹಾಸನದಲ್ಲಿ ಬಾಡಿಗೆ ಮನೆ ಹಿಡಿದು ಕರೆದುಕೊಂಡು ಹೋದ. ಬಿಎಡ್ ಮಾಡಿದ ಹುಡುಗಿಯನ್ನು ಹಾಲಿನ ಕಳ್ಳಿ ಎಂದು ಊರು ಬಿಡಿಸಿದವರೇ ಸಂಜೆ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಚಂದ್ರನ ಮೇಲೆ ರಾಕೆಟ್ಟು ಇಳಿದ ಹಳೆಯ ವಿಡಿಯೋ ನೋಡುತ್ತಿದ್ದರು.

ಇತ್ತ ಅನುಶ್ರೀಯ ಮನೆ ಮುಂದೆ ಇನ್ನೊಂದು ಸಾಲು ಶುರುವಾಯಿತು. ಒಬ್ಬರು ಸಕ್ಕರೆ ಕಾಯಿಲೆಯ ಆರು ವರ್ಷದ ಚೀಟಿ ತಂದು, ಯಾವ ಮದುವೆ ಊಟದಿಂದ ಇದು ಶುರುವಾಯಿತು ನೋಡಿ ಹೇಳವ್ವ ಎಂದರು. ಒಬ್ಬಾಕೆ ಗಂಡ ಮನೆಗೆ ಬಂದ ಹೊತ್ತನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಬಂದಿದ್ದಳು, ಎಲ್ಲಿಂದ ಜಾರಿದ ಎಂಬುದು ಆಕೆಗೆ ಬೇಕಿತ್ತು. ಅನುಶ್ರೀ ಪಾಪ ಅದನ್ನೂ ಹಾಕಿ ನೋಡಿದಳು, ಮಾರ್ಚ್ ಎರಡನೇ ವಾರ ಅಂತ ಬಂತು. ಆ ಮನೆಯಲ್ಲಿ ಆಮೇಲೆ ನಡೆದದ್ದನ್ನು ಬರೆದರೆ ಪೊಲೀಸರಿಗೂ ಓದಲು ಬೇಕಾಗುತ್ತದೆ. ಯಾರಿಗೂ ಸರಿಯಾಗುವುದು ಹೇಗೆ ಎಂಬುದು ಬೇಕಿರಲಿಲ್ಲ. ಯಾವತ್ತು ಕೆಟ್ಟಿತು ಎಂಬುದು ಗೊತ್ತಾದರೆ ಸಾಕಿತ್ತು, ಆ ದಿನ ಎದುರಿಗಿದ್ದವರನ್ನು ಬೈಯಬಹುದಲ್ಲ.

ಸಭೆಗೆ ಒಂದು ವಾರವಿದ್ದಾಗ ಅನುಶ್ರೀ ಡೈರಿಗೆ ಬಂದಳು. ಸಾಲು ಕರಗಿತ್ತು, ನಾನು ಕ್ಯಾನು ತೊಳೆಯುತ್ತಿದ್ದೆ. ಮೂವತ್ತು ಮನೆಯ ಹಸುಗಳು ಮಾತಾಡಿಕೊಂಡು ಒಂದೇ ದಿನ ಬದಲಾಗುವುದಿಲ್ಲ ಎಂದಳು. ಹಾಲು ಬಂದು ಸೇರುವ ಜಾಗ ಇದೊಂದೇ.

“ಪಾಲಾಕ್ಷಣ್ಣ, ಅವತ್ತು ಇಲ್ಲಿ ಏನಾದ್ರೂ ಬದಲಾಯ್ಸಿದ್ರಾ?”

“ಅಂಗಿ ಬದಲಾಯ್ಸಿದ್ದೆ ಅಷ್ಟೆ ಕಣವ್ವ.”

ಅವಳು ನಗಲಿಲ್ಲ. ಯಾಕೆ ಬದಲಾಯಿಸಿದಿರಿ ಎಂದು ಕೇಳಿದಳು. ಅಷ್ಟು ಹೊತ್ತಿಗೆ ನನಗೇ ಹಳೆಯ ಅಂಗಿಯ ಜೇಬು ನೆನಪಾಗಿತ್ತು.

ನನಗಿಂತ ಮುಂಚೆ ಹದಿನೆಂಟು ವರ್ಷ ಟೆಸ್ಟರ್ ಆಗಿದ್ದವನು ಬೈರಯ್ಯ. ನಾನು ಕೆಲಸಕ್ಕೆ ಸೇರಿದ ದಿನ ಆತ ಒಂದು ಪಟ್ಟಿ ಕೊಟ್ಟಿದ್ದ. ಮನೆ ಯಜಮಾನರ ಹೆಸರು, ಅದರ ಮುಂದೆ ಫ್ಯಾಟು. ಮಷೀನಿನ ಮೇಲಿನ ಬಟ್ಟೆ ತೆಗೆಯಬೇಡ, ಧೂಳು ಕೂರುತ್ತದೆ, ಪಟ್ಟಿ ನೋಡಿಕೊಂಡು ಬರಿ, ದಿನಾ ಒಂದೇ ಬರೆದರೆ ಅನುಮಾನ ಬರುತ್ತದೆ, ಒಂದು ಪಾಯಿಂಟು ಆಕಡೆ ಈಕಡೆ ಎಳಿ, ಎಂದು ಕಲಿಸಿದ್ದ. ಹಾಲು ಪರೀಕ್ಷೆ ಅಂದರೆ ಇದೇ ಎಂದುಕೊಂಡು ನಾನು ಹತ್ತು ದಿನ ಹಾಗೇ ಬರೆದೆ. ಹತ್ತನೇ ತಾರೀಕು ನಮ್ಮಮ್ಮ ಅಂಗಿ ಒಗೆದಳು, ಪಟ್ಟಿ ಜೇಬಿನಲ್ಲಿತ್ತು. ಹನ್ನೊಂದರ ಬೆಳಗ್ಗೆ ಸಾಲು ನಿಂತಿದೆ, ಯಾರ ಮನೆಗೆ ಎಷ್ಟು ಅನ್ನುವುದು ನೆನಪಿಲ್ಲ. ಇನ್ನೊಂದು ಪಟ್ಟಿ ಕೇಳೋಣ ಎಂದರೆ ಬೈರಯ್ಯ ರುದ್ರಪಟ್ಟಣದ ಮಗಳ ಮನೆಗೆ ಹೋಗಿ ಸಂಗೀತ ಕೇಳಿಕೊಂಡು ಕೂತಿದ್ದ. ಗತಿಯಿಲ್ಲದೆ ಬಟ್ಟೆ ತೆಗೆದು ಮಷೀನಿನ ಪ್ಲಗ್ಗು ಚುಚ್ಚಿದೆ. ಅದು ತೋರಿಸಿದ್ದನ್ನು ಬರೆದೆ. ಪಟ್ಟಿಗೂ ಇದಕ್ಕೂ ತಾಳೆಯಾಗುವುದಿಲ್ಲ ಅನಿಸಿತ್ತು. ಮಷೀನು ಹಳೆಯದು, ಅದಕ್ಕೆ ಊರಿನ ಪರಿಚಯವಿಲ್ಲ ಎಂದುಕೊಂಡು ಸುಮ್ಮನಾದೆ. ನಾನು ಪ್ರಾಮಾಣಿಕ ಅಂತ ಯಾರೂ ತಿಳಿಯಬೇಡಿ. ಅಮ್ಮ ಆ ಅಂಗಿ ಒಗೆಯದಿದ್ದರೆ ಇವತ್ತಿಗೂ ಪಟ್ಟಿಯನ್ನೇ ಬರೆಯುತ್ತಿದ್ದೆ.

ಮೇಲಿನವರಿಗೆ ಹೇಗೆ ಗೊತ್ತಾಗಲಿಲ್ಲ ಎಂದರೆ, ಅವರು ನೋಡುವುದು ಇಡೀ ಊರಿನ ಹಾಲು ಸೇರಿದ ಕ್ಯಾನನ್ನು. ಒಟ್ಟು ಸರಿಯಿದ್ದರೆ ಅವರಿಗೆ ಸಾಕು. ಒಬ್ಬರಿಗೆ ಏರಿಸಿದ್ದನ್ನು ಇನ್ನೊಬ್ಬರಿಂದ ಇಳಿಸಿ ಬೈರಯ್ಯ ಒಟ್ಟನ್ನು ಕೂಡಿಸುತ್ತಿದ್ದ. ಅನುಶ್ರೀ ಲ್ಯಾಪ್‌ಟಾಪಿನಲ್ಲಿ ಮೂವತ್ತು ಹೆಸರುಗಳನ್ನು ಸಾಲಾಗಿ ತೋರಿಸಿದಳು. ಅವತ್ತು ಇಳಿದವರಲ್ಲಿ ಕಮಿಟಿಯವರು, ಅವರ ಅಣ್ಣತಮ್ಮಂದಿರು. ಏರಿದವರಲ್ಲಿ ಕಮಿಟಿಯವರು ಒಬ್ಬರೂ ಇಲ್ಲ. ಎಲ್ಲರಿಗಿಂತ ಹೆಚ್ಚು ಏರಿದ್ದು ಲಕ್ಕಮ್ಮಕ್ಕನದು, ಮೂರು ಪಾಯಿಂಟ್ ನಾಲ್ಕರಿಂದ ನಾಲ್ಕು ಪಾಯಿಂಟ್ ನಾಲ್ಕಕ್ಕೆ. ಗಂಡ ಸತ್ತ ಹೆಂಗಸು, ಒಂದೇ ಒಂದು ಜರ್ಸಿ ಹಸು, ಬೆಲ್ಲದ ಬಣ್ಣದ್ದು, ಹಾಲು ಕಡಿಮೆ, ಕೊಬ್ಬು ಜಾಸ್ತಿ. ಊರಿನ ಅತ್ಯುತ್ತಮ ಹಾಲು ಇಷ್ಟು ವರ್ಷ ಯಾರ ಮನೆಯದೋ, ಬಕೆಟ್ಟು ಹೋದದ್ದು ಯಾರ ಮನೆಗೋ.

ಸಭೆಯಲ್ಲಿ ನಾನೇ ಹೇಳುತ್ತೇನೆ, ನೀವು ಮಷೀನು ಹೊತ್ತುಕೊಂಡು ಬನ್ನಿ ಎಂದಳು ಅನುಶ್ರೀ. ನನ್ನ ಖಾಯಮ್ಮು ಅದೇ ಸಭೆಯಲ್ಲಿದೆ ಎಂದೆ. ನಿಜ ಗೊತ್ತಾದ ಮೇಲೆ ನಿಮಗೆ ಕೈ ಎತ್ತದೆ ಇರುತ್ತಾರಾ ಅಣ್ಣ, ಎಂದಳು. ಅಷ್ಟು ಓದಿದರೆ ಬುದ್ಧಿ ಹೀಗೇ ಆಗುತ್ತದೋ ಏನೋ.

ಡೈರಿ ಮುಂದೆ ಶಾಮಿಯಾನ ಹಾಕಿದ್ದರು. ಹಾಸನದಿಂದ ವಿಸ್ತರಣಾಧಿಕಾರಿ ರಜನೀಶ್ ಬಂದಿದ್ದರು. ಎಲ್ಲಿ ಜಗಳವಾಗುವ ಸೂಚನೆ ಕಂಡರೂ ನೀರಿನ ಬಾಟಲಿ ಎತ್ತಿ ಕುಡಿಯುವ ಮನುಷ್ಯ, ಅವತ್ತು ನಾಲ್ಕು ಬಾಟಲಿ ಖಾಲಿ ಮಾಡಿದರು. ಕಾಂತರಾಜುಗೌಡರು ಎದ್ದು, ಹನ್ನೊಂದನೇ ತಾರೀಕು ಈ ಊರಿನ ಹಾಲಿಗೆ ಕೈ ಹಾಕಿದವರು ಯಾರು ಎಂಬುದನ್ನು ವಿಜ್ಞಾನ ಕಂಡುಹಿಡಿದಿದೆ, ನನ್ನ ಮಗಳೇ ಕಂಡುಹಿಡಿದಿದ್ದಾಳೆ ಎಂದು ಕೂತರು. ಮಗಳು ಎದ್ದಳು. ಈ ಲೆಕ್ಕ ಯಾವತ್ತು ಎಂಬುದನ್ನು ಮಾತ್ರ ಹೇಳುತ್ತದೆ, ಯಾರು, ಯಾಕೆ ಎಂದು ಹೇಳುವುದಿಲ್ಲ ಎಂದಳು. ಜನಕ್ಕೆ ಬೇಸರವಾಯಿತು. ಅವತ್ತು ಬದಲಾದದ್ದು ಹಾಲಲ್ಲ, ಅಳತೆ ಎಂದಳು. ಅದು ಯಾರಿಗೂ ತಲೆಗೆ ಹೋಗಲಿಲ್ಲ.

ತಲೆಗೆ ಹೋಗುವ ಹಾಗೆ ಹೇಳಲು ನಾನು ಎದ್ದೆ. ಹದಿನೆಂಟು ವರ್ಷ ಆ ಮಷೀನು ಓಡೇ ಇಲ್ಲ, ನಿಮ್ಮ ಮುಖ ನೋಡಿ ಬರೆದ ಫ್ಯಾಟು ಅದು, ಎಂದು ಪಟ್ಟಿಯಿಂದ ಹಿಡಿದು ಅಂಗಿಯವರೆಗೆ ಎಲ್ಲ ಕಕ್ಕಿದೆ. ಎಲ್ಲರೂ ಬೈರಯ್ಯನ ಕಡೆ ತಿರುಗಿದರು. ಎರಡು ವರ್ಷದಿಂದ ಬಾಕಿಯಿದ್ದ ನಿವೃತ್ತಿಯ ಸನ್ಮಾನಕ್ಕೆಂದು ಕರೆಸಿದ್ದರು, ಹಾರ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಇಲ್ಲ ಎನ್ನುತ್ತಾನೆ ಎಂದುಕೊಂಡಿದ್ದೆ. ಆತ ಹಾರ ಸರಿಮಾಡಿಕೊಂಡು ಎದ್ದ.

“ಊ ಕಣ್ರಪ್ಪ, ಮಷೀನ ಮುಟ್ಟಿಲ್ಲ ನಾನು. ಅದಕ್ಕೇನ್ ಗೊತ್ತು ಊರ್ನ ಮರ್ವಾದೆ. ನನ್ ಕಾಲದಾಗೆ ಒಂದ್ ದಿನಾನಾದ್ರೂ ಜಗಳ ಆಗಿತ್ತಾ ಏಳಿ. ಕಣ್ಣಲ್ಲೇ ಏಳ್ತೀನಿ ಫ್ಯಾಟ, ಈಗ್ಲೂ.”

ಜನ ತಲೆದೂಗಿದರು. ಹೌದಲ್ಲ, ಬೈರಯ್ಯನ ಕಾಲದಲ್ಲಿ ಜಗಳವೇ ಇರಲಿಲ್ಲ.

ಅನುಶ್ರೀ ಬಿಡಲಿಲ್ಲ. ಬೆಳಗಿನ ಹಾಲಿನಲ್ಲಿ ಎರಡು ಲೋಟ ತುಂಬಿಸಿ ತಂದು ಮೇಜಿನ ಮೇಲಿಟ್ಟಳು. ಒಂದು ಅವರ ಮನೆಯದು, ಒಂದು ಲಕ್ಕಮ್ಮಕ್ಕನದು. ಯಾವುದು ಯಾವುದೆಂದು ಅವಳಿಗೂ ನನಗೂ ಮಾತ್ರ ಗೊತ್ತು. ಕಣ್ಣಲ್ಲಿ ನೋಡಿ ಹೇಳಿ ಬೈರಯ್ಯಣ್ಣ, ಎಂದಳು. ಬೈರಯ್ಯ ಎರಡೂ ಲೋಟ ಎತ್ತಿ ಬೆಳಕಿಗೆ ಹಿಡಿದ. ಮೂಸಿದ. ಬೆರಳು ಅದ್ದಿ ಉಗುರಿನ ಮೇಲೆ ಒಂದು ಹನಿ ನಿಲ್ಲಿಸಿದ. ಆಮೇಲೆ ಲೋಟ ಕೆಳಗಿಟ್ಟು ನಿಜವಾಗಿಯೂ ನೊಂದುಕೊಂಡು ಹೇಳಿದ.

“ಯಾರ ಮನೇದು ಅಂತ ಏಳ್ದೆ ಫ್ಯಾಟ್ ಎಂಗವ್ವಾ ಏಳಾದು?”

ನಾನು ಜೋರಾಗಿ ನಕ್ಕೆ. ಇಡೀ ಶಾಮಿಯಾನದಲ್ಲಿ ನಕ್ಕವನು ನಾನೊಬ್ಬನೇ. ಮಿಕ್ಕವರಿಗೆಲ್ಲ ಅದು ನ್ಯಾಯವಾದ ಮಾತಾಗಿತ್ತು. ಹುಡುಗಿ ವಯಸ್ಸಾದವನನ್ನು ಸಭೆಯಲ್ಲಿ ಹೀಗೆ ಸತಾಯಿಸಬಾರದಿತ್ತು, ಯಾರ ಮನೆಯದೆಂದು ಹೇಳಿದ್ದರೆ ಆತ ಹೇಳುತ್ತಿರಲಿಲ್ಲವೇ ಎಂದು ಹೆಂಗಸರೂ ಗೊಣಗಿದರು. ನಾನು ಮಷೀನಿಗೆ ಎರಡೂ ಹಾಲು ಹಾಕಿ ತೋರಿಸಿದೆ. ಅಧ್ಯಕ್ಷರದು ಮೂರು ಪಾಯಿಂಟ್ ಮೂರು, ಲಕ್ಕಮ್ಮಕ್ಕನದು ನಾಲ್ಕು ಪಾಯಿಂಟ್ ನಾಲ್ಕು. ನೋಡಿದಿರಾ, ಒಬ್ಬ ಅಧ್ಯಕ್ಷರಿಗೆ ಮೂರು ತೋರಿಸುತ್ತದೆ ಎಂದರೆ ಮಷೀನು ಎಷ್ಟು ಕೆಟ್ಟಿರಬೇಕು ಎಂದರು ಕಮಿಟಿಯವರು. ರಜನೀಶ್ ಸಾಹೇಬರ ಕಡೆ ನೋಡಿದೆ. ಅವರು ನಾಲ್ಕನೇ ಬಾಟಲಿ ಮುಗಿಸಿ, ನಡಾವಳಿ ಪುಸ್ತಕದಲ್ಲಿ, ‘11-7-2023ರಿಂದ ಯಂತ್ರದಲ್ಲಿ ತಾಂತ್ರಿಕ ದೋಷ ಉಂಟಾಗಿರುವುದು ಸಂಖ್ಯಾಶಾಸ್ತ್ರದ ಪ್ರಕಾರ ಸಾಬೀತಾಗಿರುತ್ತದೆ’ ಎಂದು ಬರೆದು ಸೀಲು ಒತ್ತಿದರು. ಅನುಶ್ರೀ ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋದಳು.

ಮುಂದಿನ ವಿಷಯ ನನ್ನ ಖಾಯಂ. ಅದಕ್ಕೆ ಮುಂಚೆ ಟೀ ಬಿಟ್ಟರು. ಕಾಂತರಾಜುಗೌಡರು ನನ್ನ ಹೆಗಲ ಮೇಲೆ ಕೈ ಹಾಕಿ ಶಾಮಿಯಾನದ ಹಿಂದಕ್ಕೆ ಕರೆದುಕೊಂಡು ಹೋದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಒಂದು ಕೈಯಲ್ಲಿ ಖಾಯಮ್ಮಿನ ಆರ್ಡರು, ಟೈಪಾಗಿತ್ತು. ಇನ್ನೊಂದು ಕೈಯಲ್ಲಿ ಮನೆ ಯಜಮಾನರ ಹೊಸ ಪಟ್ಟಿ.

“ಲ್ಯಾಮಿನೇಷನ್ ಮಾಡಿಸಿವ್ನಿ ಕಣ್ಲಾ. ಇನ್ನೆಷ್ಟು ಒಗದ್ರೂ ಓಗಾಕಿಲ್ಲ.”

“ಲಕ್ಕಮ್ಮಕ್ಕಂಗೆ ಮೂರು ಪಾಯಿಂಟ್ ನಾಕು ಅಂತ ಐತೆ ಗೌಡ್ರೆ ಇದ್ರಾಗೆ.”

“ಅವಳಿಗೇನ್ಲಾ, ಒಂದೇ ಹೊಟ್ಟೆ. ನಿಂಗೆ ಮದ್ವೆ ಆಗ್ಬೇಕು. ಯೋಚ್ನೆ ಮಾಡು, ಟೀ ಕುಡ್ಯೋವರ್ಗೂ ಟೈಮ್ ಐತೆ.”

ಟೀ ಕುಡಿದೆ. ಎರಡು ಲೋಟ ಕುಡಿದೆ. ಕುರ್ಚಿ ಜೋಡಿಸುವ ಕೆಲಸದಲ್ಲಿ ಒಂದು ಸಂಗತಿಯಿದೆ. ಊಟದ ಹೊತ್ತಿನಲ್ಲಿ ಜೋಡಿಸಿದವರಿಗೆ ಮಾತ್ರ ಕುರ್ಚಿ ಸಿಗುವುದಿಲ್ಲ. ನಾನು ಒಳಗೆ ಹೋಗಿ ಕೂತಾಗ ಎರಡೂ ಕಾಗದ ನನ್ನ ಜೇಬಿನಲ್ಲಿದ್ದವು. ಎಲ್ಲರೂ ಕೈ ಎತ್ತಿದರು. ಹುಡುಗ ಸ್ವಲ್ಪ ಮುಂಗೋಪಿ, ಆದರೂ ನಮ್ಮವನೇ ಎಂದು ಯಾರೋ ಹೇಳಿದರು. ಎತ್ತಿದ ಕೈಗಳಲ್ಲಿ ಲಕ್ಕಮ್ಮಕ್ಕನದೂ ಇತ್ತು. ಅಧ್ಯಕ್ಷರಿಗೆ ಹನ್ನೆರಡನೇ ಬಕೆಟ್ಟು, ಬೈರಯ್ಯನಿಗೆ ಇನ್ನೊಂದು ಶಾಲು, ಮಷೀನು ರಿಪೇರಿಗೆ.

ಮಾರನೆಯ ದಿನ ಬೆಳಗ್ಗೆ ಲಕ್ಕಮ್ಮಕ್ಕ ಹಾಲು ಅಳೆದು ಚೀಟಿಗೆ ಕೈ ಒಡ್ಡಿದಳು. ಓದಲು ಬರುವುದಿಲ್ಲ, ದಿನಾ ಕೇಳುತ್ತಾಳೆ. ಮೂರು ಪಾಯಿಂಟ್ ನಾಲ್ಕು ಎಂದೆ, ಬೇರೆ ಕಡೆ ನೋಡಿಕೊಂಡು. ಜಗಳಕ್ಕೆ ನಿಲ್ಲುತ್ತಾಳೆ, ನಿಲ್ಲಲಿ ಎಂದು ಕಾದೆ.

“ಮಷೀನ್ ಕೆಟ್ಟು ನನ್ ಅಸೀಗೆ ಜಾಸ್ತಿ ತೋರುಸ್ತಿತ್ತಂತಲ್ಲಪ್ಪ. ನಾನೂ ಅನ್ಕತಿದ್ದೆ, ನಮ್ಮಂತೋರ ಅಸ ಎಲ್ಲಿ ಅಷ್ಟ್ ಕೊಟ್ಟಾತು ಅಂತ. ನಿಂಗೆ ಖಾಯಂ ಆಯ್ತಲ್ಲ ಮಗ, ಅಷ್ಟ್ ಸಾಕು.”

ನನಗೆ ಅವಳ ಮೇಲೆ ಬಂದಷ್ಟು ಸಿಟ್ಟು ಇಡೀ ಕಮಿಟಿಯ ಮೇಲೂ ಬಂದಿರಲಿಲ್ಲ. ಎದುರಿನ ಕ್ಯಾನನ್ನು ಒದ್ದೆ. ಸಾಲಿನಲ್ಲಿದ್ದವರು, ನೋಡಿ, ಖಾಯಂ ಆದ ಮೇಲೆ ಕಾಲೂ ಗಟ್ಟಿಯಾಯಿತು ಎಂದು ನಕ್ಕರು.

ಹಾಲಿಗೆ ರೇಟು ಕಟ್ಟುವುದು ಫ್ಯಾಟಿನ ಮೇಲೆ. ಮೂರು ಪಾಯಿಂಟ್ ನಾಲ್ಕಕ್ಕೆ ಬರುವುದು ಹಿಂಡಿ ಬೂಸಾಕ್ಕೆ ಸರಿಹೋಗಲಿಲ್ಲ. ದೀಪಾವಳಿ ಕಳೆಯುತ್ತಲೇ ಲಕ್ಕಮ್ಮಕ್ಕ ಹಸು ಮಾರುತ್ತೇನೆ ಎಂದಳು. ಕೊಳ್ಳಲು ಬಂದವರು ಚೀಟಿ ಕೇಳಿದರು, ನೋಡಿ ಮುಖ ಸಿಂಡರಿಸಿಕೊಂಡು ಹೋದರು. ಕೊನೆಗೆ ಕಾಂತರಾಜುಗೌಡರೇ ಕೊಂಡರು. ಪಾಪದ ಹೆಂಗಸು, ಕೈಬಿಡಬಾರದು ಅಂತ ತಗೊಂಡೆ ಎಂದು ಕಟ್ಟೆಯ ಮೇಲೆ ಹೇಳಿದರು, ಜನ ಕೈ ಮುಗಿದರು. ಮಗಳ ಲ್ಯಾಪ್‌ಟಾಪಿನ ಮೂವತ್ತು ಹೆಸರುಗಳನ್ನು ಊರಿನಲ್ಲಿ ಕೊನೆಯವರೆಗೆ ಓದಿದವರು ಅವರೊಬ್ಬರೇ.

ಈಗ ಅವರ ಕಪ್ಪುಬಿಳಿ ಹಸುಗಳ ಹಾಲು ಹೈವೇ ಹೋಟೆಲುಗಳಿಗೆ ಹೋಗುತ್ತದೆ. ಡೈರಿಗೆ ಬರುವುದು ಜರ್ಸಿಯ ಹಾಲು ಮಾತ್ರ. ಮಷೀನು ರಿಪೇರಿಯಿಂದ ಬಂದು ಬಟ್ಟೆ ಹೊದ್ದು ಕೂತಿತ್ತು. ಒಂದು ದಿನ ಎಲ್ಲರೂ ಹೋದ ಮೇಲೆ ಬಟ್ಟೆ ಸರಿಸಿ ಅವರ ಹಾಲು ಹಾಕಿದೆ. ಹಸುವಿಗೆ ಹೊಸ ಕೊಟ್ಟಿಗೆ ಇನ್ನೂ ಒಗ್ಗಿರಲಿಲ್ಲವೋ ಏನೋ, ನಾಲ್ಕು ಪಾಯಿಂಟ್ ಎರಡು ತೋರಿಸಿತು, ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಇದ್ದಷ್ಟೇ.

ಆ ವಾರ ಅನುಶ್ರೀ ಹಾಸನದಿಂದ ಫೋನ್ ಮಾಡಿದ್ದಳು. ಅವಳ ಪ್ರಾಜೆಕ್ಟಿಗೆ ಒಳ್ಳೆಯ ನಂಬರು ಬಂದಿತ್ತು, ಊರಿನ ಹೆಸರು ತೆಗೆದು ಹಾಕಿ ಕೊಟ್ಟಿದ್ದಳಂತೆ. ಕೊನೆಯ ಎರಡು ತಿಂಗಳ ಅಂಕಿ ಕೇಳಿದಳು, ಕಳಿಸಿದೆ. ಸಭೆಯ ಮಾರನೆಯ ದಿನ ಎಲ್ಲರ ಗೆರೆಯೂ ಇನ್ನೊಮ್ಮೆ ಮುರಿದದ್ದು ಅವಳಿಗೆ ಕಂಡಿರಬೇಕು, ಅದರ ಬಗ್ಗೆ ಏನೂ ಕೇಳಲಿಲ್ಲ. ಅಪ್ಪನದೂ ಅಲ್ಲಿಂದ ಈಚೆಗೆ ನೆಟ್ಟಗಿದೆ, ದೀಪಾವಳಿ ಆದಮೇಲೆ ಏನೂ ಬದಲಾಗಿಲ್ಲ ಅಲ್ಲವಾ ಅಣ್ಣ, ಎಂದಳು.

ಇಲ್ಲ ಕಣವ್ವ, ಏನೂ ಬದಲಾಗಿಲ್ಲ ಎಂದೆ.